ವಸಾಹತು ಕಾಲದ ಅಮೆರಿಕನ್ ಪೂರ್ವಜರು ಮತ್ತು ಮನೆತನದ ಹೆಸರಿನ ಮೂಲ: ಪದೇ ಪದೇ ಕೇಳುವ ಪ್ರಶ್ನೆಗಳು

ಸೊಸೆ ಅಮೆರಿಕದವಳು. ಅವಳ ತವರಿನವರು 1600ರ ದಶಕದಿಂದ ಅಲ್ಲೇ ಇದ್ದಾರಂತೆ. ಮೊಮ್ಮಕ್ಕಳಿಗಾಗಿ ಆ ವಂಶಾವಳಿಯನ್ನು ಬೆಂಗಳೂರಿನಲ್ಲೇ ಕೂತು ಹುಡುಕಬಹುದೇ?

ಬಹುಪಾಲು ಹುಡುಕಬಹುದು. ವಂಶಾವಳಿ ಹುಡುಕುವ ಫ್ಯಾಮಿಲಿಸರ್ಚ್ ಎಂಬ ತಾಣದಲ್ಲಿ ಖಾತೆ ತೆರೆಯಲು ದುಡ್ಡು ಕೊಡಬೇಕಿಲ್ಲ. ಕೌಂಟಿ (ನಮ್ಮ ಜಿಲ್ಲೆಯಂಥದು) ಕೋರ್ಟುಗಳ ಕ್ರಯಪತ್ರ, ಉಯಿಲು, ತೆರಿಗೆ ಪಟ್ಟಿಗಳ ಲಕ್ಷಾಂತರ ಪುಟಗಳು ಅಲ್ಲಿ ಚಿತ್ರರೂಪದಲ್ಲಿವೆ. ಕೆಲವು ಸಂಪುಟಗಳು ಮಾತ್ರ ಮನೆಯ ಕಂಪ್ಯೂಟರಿನಲ್ಲಿ ತೆರೆಯುವುದಿಲ್ಲ. ಅವನ್ನು ಅವರ ಕೇಂದ್ರದಲ್ಲೋ ಅವರೊಂದಿಗೆ ಒಪ್ಪಂದವಿರುವ ಗ್ರಂಥಾಲಯದಲ್ಲೋ ನೋಡಬೇಕು.

ಹೊಸಬರು ಎಡವುವುದು ಮೊದಲ ಪುಟದಲ್ಲೇ. ಹೆಸರು ಟೈಪ್ ಮಾಡುವ ಚೌಕ ಈಗಾಗಲೇ ಸೂಚಿ ತಯಾರಾದ ದಾಖಲೆಗಳನ್ನಷ್ಟೇ ಹುಡುಕುತ್ತದೆ. ಹಳೆಯ ಕ್ರಯಪತ್ರಗಳ ದೊಡ್ಡ ಪಾಲು ಅದರೊಳಗಿಲ್ಲ. ಕ್ಯಾಟಲಾಗ್‌ಗೆ ಹೋಗಿ, ಊರು ಅಥವಾ ಕೌಂಟಿಯ ಹೆಸರು ಕೊಟ್ಟು, ಸಂಪುಟ ತೆರೆದು, ಅದರ ಆರಂಭದಲ್ಲೋ ಕೊನೆಯಲ್ಲೋ ಇರುವ ಕೈಬರಹದ ಸೂಚಿಯಲ್ಲಿ ಪುಟಸಂಖ್ಯೆ ಕಂಡುಹಿಡಿದು, ಆ ಪುಟಕ್ಕೆ ಹೋಗಬೇಕು. ಕೈಬರಹವನ್ನು ಯಂತ್ರವೇ ಓದಿ ಹುಡುಕಿಕೊಡುವ ಸೌಲಭ್ಯವೂ ಈಚೆಗೆ ಬಂದಿದೆ. ಅದರಿಂದ ತುಂಬ ಉಪಕಾರವಾಗಿದೆ, ಆದರೆ ಯಂತ್ರ ಅಕ್ಷರ ತಪ್ಪಾಗಿ ಓದುವುದೂ ಮಾಮೂಲಿ. ಏನೂ ಸಿಗಲಿಲ್ಲವೆಂದರೆ ಏನೂ ಇಲ್ಲ ಎಂದಲ್ಲ.

ಇದಕ್ಕೆಲ್ಲ ಮುಂಚೆ ಬೀಗರನ್ನು ಕೇಳಿ: ಅಜ್ಜ ಅಜ್ಜಿಯರ ಪೂರ್ಣ ಹೆಸರು, ಹುಟ್ಟಿದ ಕೌಂಟಿ, ಯಾವ ಚರ್ಚು. ಬದುಕಿರುವವರ ವಿವರಗಳನ್ನು ಅವರ ಒಪ್ಪಿಗೆಯಿಲ್ಲದೆ ಯಾವ ತಾಣಕ್ಕೂ ಏರಿಸಬೇಡಿ.

ಸರ್‌ನೇಮ್ ಗೊತ್ತಿದೆ. ಅದೇ ಹೆಸರಿನವರು 1630ರಲ್ಲಿ ಹಡಗಿನಿಂದ ಇಳಿದ ಪಟ್ಟಿಯೂ ಸಿಕ್ಕಿದೆ. ಅಲ್ಲಿಂದ ಕೆಳಗೆ ಬರಬಹುದಲ್ಲ?

ಬೇಡ. ಮೇಲಿನಿಂದ ಕೆಳಗೆ ಬಂದವರು ಸಾಮಾನ್ಯವಾಗಿ ಬೇರೆಯವರ ವಂಶವೃಕ್ಷವನ್ನು ತಮ್ಮದೆಂದುಕೊಂಡು ಪೂರೈಸುತ್ತಾರೆ. ಖಚಿತವಾಗಿ ಗೊತ್ತಿರುವ ಕೊನೆಯ ವ್ಯಕ್ತಿಯಿಂದ ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಿ. ಪ್ರತಿ ಸಲವೂ ಕೇಳಿಕೊಳ್ಳಬೇಕಾದದ್ದು ಒಂದೇ: ಇವನು ಅವನ ಮಗ ಎಂದು ಹೇಳುವ ಕಾಗದ ಯಾವುದು?

ಜನ ಸಿಕ್ಕಿಹಾಕಿಕೊಳ್ಳುವುದು ವಸಾಹತು ಕಾಲದಲ್ಲಲ್ಲ, ಅದಕ್ಕಿಂತ ಈಚೆಗೆ, 1790ರಿಂದ 1850ರ ನಡುವೆ. ಅಮೆರಿಕದ ಮೊದಲ ಜನಗಣತಿ ನಡೆದದ್ದು 1790ರಲ್ಲಿ. ಅಲ್ಲಿಂದ 1840ರವರೆಗಿನ ಗಣತಿಗಳಲ್ಲಿ ಮನೆಯ ಯಜಮಾನನ ಹೆಸರು ಮಾತ್ರ ಇದೆ. ಉಳಿದವರೆಲ್ಲ ವಯಸ್ಸಿನ ಕಾಲಮ್ಮಿನಲ್ಲಿ ಬರೀ ಸಂಖ್ಯೆ. 1850ರಲ್ಲಿ ಸ್ವತಂತ್ರರಾದ ಪ್ರತಿಯೊಬ್ಬರ ಹೆಸರೂ ಬಂತು. ಯಜಮಾನನಿಗೆ ಏನಾಗಬೇಕು ಎಂಬುದು ಬಂದದ್ದು 1880ರಲ್ಲಿ. 1890ರ ಗಣತಿಯ ಬಹುಭಾಗ 1921ರ ಬೆಂಕಿ ಅವಘಡದ ನಂತರ ಇಲ್ಲವಾಯಿತು. ಹಾಗಾಗಿ 1850ರಲ್ಲಿ ಅರವತ್ತು ವರ್ಷದವನಾಗಿ ಕಾಣುವವನ ಅಪ್ಪ ಯಾರು ಎಂಬುದಕ್ಕೆ ಗಣತಿ ಕೈಕೊಡುತ್ತದೆ. ಉಯಿಲು ಮತ್ತು ಭೂದಾಖಲೆಗಳಿಗೇ ಇಳಿಯಬೇಕು.

ಇದು ಅಷ್ಟೊಂದು ಕಷ್ಟವೇ? ಪ್ರಸಿದ್ಧ ಮನೆತನಗಳಿಗಾದರೂ ಸುಲಭವಿರಬೇಕಲ್ಲ?

ಅಬ್ರಹಾಂ ಲಿಂಕನ್‌ಗೇ ತನ್ನ ಮನೆತನದ ಮೂಲ ಗೊತ್ತಿರಲಿಲ್ಲ. 1859ರಲ್ಲಿ ಬರೆದ ಪುಟ್ಟ ಆತ್ಮವೃತ್ತಾಂತದಲ್ಲಿ ಆತ ಹೇಳಿದ್ದು ಇಷ್ಟು: ತಾತ ವರ್ಜೀನಿಯಾದ ರಾಕಿಂಗ್‌ಹ್ಯಾಮ್ ಕೌಂಟಿಯಿಂದ ಕೆಂಟಕಿಗೆ ಬಂದ, ಅವನ ಹಿರಿಯರು ಪೆನ್ಸಿಲ್ವೇನಿಯಾದ ಬರ್ಕ್ಸ್ ಕೌಂಟಿಯ ಕ್ವೇಕರರು, ಅಂದರೆ ಆ ಹೆಸರಿನ ಕ್ರೈಸ್ತ ಪಂಥದವರು. ನ್ಯೂ ಇಂಗ್ಲೆಂಡಿನ (ಮ್ಯಾಸಚೂಸೆಟ್ಸ್ ಮೊದಲಾದ ಈಶಾನ್ಯದ ಸೀಮೆ) ಲಿಂಕನ್ನರಿಗೆ ನಂಟು ಹುಡುಕಿದಾಗ ಸಿಕ್ಕಿದ್ದು ಎರಡೂ ಕಡೆ ಮಾರ್ಡೆಕಾಯ್, ಲೆವೈ, ಈನಕ್‌ನಂಥ ಹೆಸರುಗಳು ಮರುಕಳಿಸುತ್ತವೆ ಎಂಬ ಹೋಲಿಕೆ ಮಾತ್ರ.

ನಂಟು ನಿಜವೇ ಆಗಿತ್ತು. ಇಂಗ್ಲೆಂಡಿನ ನಾರ್ಫೋಕ್‌ನ ಹಿಂಗ್‌ಹ್ಯಾಮ್‌ನಿಂದ 1637ರಲ್ಲಿ ನೇಕಾರನೊಬ್ಬನ ಕೈಕೆಳಗಿನ ಹುಡುಗನಾಗಿ ಬಂದ ಸ್ಯಾಮ್ಯುಯೆಲ್ ಲಿಂಕನ್ ಮ್ಯಾಸಚೂಸೆಟ್ಸ್‌ನ ಹಿಂಗ್‌ಹ್ಯಾಮ್‌ನಲ್ಲಿ ನೆಲೆಸಿದ. ಅವನ ಮಗ ಮಾರ್ಡೆಕಾಯ್. ಅವನ ಮಗ ಇನ್ನೊಬ್ಬ ಮಾರ್ಡೆಕಾಯ್, ನ್ಯೂ ಜರ್ಸಿಗೆ, ಅಲ್ಲಿಂದ ಪೆನ್ಸಿಲ್ವೇನಿಯಾಕ್ಕೆ. ಅವನ ಮಗ ಜಾನ್ ವರ್ಜೀನಿಯಾಕ್ಕೆ. ಅವನ ಮಗ ಅಬ್ರಹಾಂ ಕೆಂಟಕಿಗೆ ಹೋಗಿ 1786ರಲ್ಲಿ ಕೊಲೆಯಾದ. ಅವನ ಮಗ ಥಾಮಸ್. ಅವನ ಮಗ ಅಧ್ಯಕ್ಷ. ಎರಡು ಮೂರು ತಲೆಮಾರಿಗೆ ಒಮ್ಮೆಯಾದರೂ ಹೊಸ ವಸಾಹತು, ಹೊಸ ಕೋರ್ಟು. ಹೆಸರುಗಳ ಹೋಲಿಕೆ ಸುಳಿವು ಹೌದು, ಪುರಾವೆ ಅಲ್ಲ. ಯಾವ ಕೌಂಟಿಯಿಂದ ಬಂದ ಎಂದು ತಿಳಿದು ಆ ಕೌಂಟಿಯ ಕಾಗದಕ್ಕೆ ಹೋದಾಗಲೇ ಸರಪಳಿ ಕೂಡಿಕೊಳ್ಳುವುದು.

ಇನ್ನೊಂದು ಪಾಠವೂ ಅದೇ ಊರಿನಲ್ಲಿದೆ. ಆ ಪುಟ್ಟ ಹಿಂಗ್‌ಹ್ಯಾಮ್‌ನಲ್ಲಿ ಒಂದೇ ಕಾಲಕ್ಕೆ ನಾಲ್ವರು ಥಾಮಸ್ ಲಿಂಕನ್ನರಿದ್ದರು: ನೇಕಾರ ಥಾಮಸ್, ಗಿರಣಿಯ ಥಾಮಸ್, ಪೀಪಾಯಿ ಮಾಡುವ ಥಾಮಸ್, ಬೇಸಾಯಗಾರ ಥಾಮಸ್. ಕಸುಬಿನಿಂದಲೇ ಅವರನ್ನು ಗುರುತಿಸುತ್ತಿದ್ದರು. ಒಂದೇ ಹೆಸರಿನವರು ಎದುರಾದಾಗ ಒಬ್ಬೊಬ್ಬರಿಗೂ ಒಂದು ಹಾಳೆ ಮಾಡಿ, ಹೆಂಡತಿ, ಕಸುಬು, ಜಮೀನು, ನೆರೆಯವರು, ಸಹಿ ಹಾಕುತ್ತಿದ್ದನೋ ಗುರುತು ಹಾಕುತ್ತಿದ್ದನೋ ಎಂಬುದನ್ನು ತಾರೀಖಿನ ಸಾಲಿನಲ್ಲಿ ಬರೆದುಕೊಳ್ಳಿ. ಬೇಸರದ ಕೆಲಸ, ಆದರೆ ಬೇರೆ ದಾರಿಯಿಲ್ಲ.

ಯಾವ ವಸಾಹತಿನಲ್ಲಿ ಯಾವ ದಾಖಲೆ ಸಿಗುತ್ತದೆ?

1607ರಲ್ಲಿ ವರ್ಜೀನಿಯಾದ ಜೇಮ್ಸ್‌ಟೌನ್‌ನಲ್ಲಿ ಇಂಗ್ಲಿಷರು ನೆಲೆಯೂರಿದಾಗಿನಿಂದ 1776ರವರೆಗೆ ಅಲ್ಲಿ ಒಂದು ಕೇಂದ್ರ ಸರ್ಕಾರವೇ ಇರಲಿಲ್ಲ. ಹಾಗಾಗಿ ಒಂದು ಕೇಂದ್ರ ದಫ್ತರವೂ ಇಲ್ಲ.

ನ್ಯೂ ಇಂಗ್ಲೆಂಡಿನವರಾದರೆ ಅದೃಷ್ಟವಂತರು. ಅಲ್ಲಿ ಊರೇ ಆಡಳಿತದ ಘಟಕ, ಜನನ ಮರಣ ಮದುವೆಗಳನ್ನು ಊರಿನ ಗುಮಾಸ್ತ ಬರೆಯುತ್ತಿದ್ದ. ಮ್ಯಾಸಚೂಸೆಟ್ಸ್‌ನ ಬಹಳಷ್ಟು ಊರುಗಳ 1850ರವರೆಗಿನ ದಾಖಲೆ ಅಕಾರಾದಿಯಾಗಿ ಅಚ್ಚಾಗಿದೆ. ಬಾಸ್ಟನ್ನಿನಲ್ಲಿ 1845ರಲ್ಲಿ ಶುರುವಾದ ನ್ಯೂ ಇಂಗ್ಲೆಂಡ್ ವಂಶಾವಳಿ ಸಂಘವು 1620ರಿಂದ ಬಂದ ಮೊದಲ ವಲಸಿಗರನ್ನು ಒಬ್ಬೊಬ್ಬರನ್ನಾಗಿ ಶೋಧಿಸಿ ಪ್ರಕಟಿಸಿದೆ. ನಿಮ್ಮ ಪೂರ್ವಜ ಅಲ್ಲಿದ್ದರೆ ಮೊದಲು ಅದನ್ನೇ ಓದಿ.

ವರ್ಜೀನಿಯಾ ಹಾಗಲ್ಲ. ಜನನ ಮರಣಗಳ ಸರ್ಕಾರಿ ನೋಂದಣಿ ಶುರುವಾದದ್ದೇ 1853ರಲ್ಲಿ. ಅದಕ್ಕೆ ಮುಂಚಿನ ಪ್ಯಾರಿಷ್ (ಒಂದು ಚರ್ಚಿನ ಸೀಮೆ) ಪುಸ್ತಕಗಳಲ್ಲಿ ಬಹಳಷ್ಟು ಕಳೆದುಹೋಗಿವೆ. ಸುರಕ್ಷಿತವಾಗಿರಲೆಂದು ಅಂತರ್ಯುದ್ಧದ ಕಾಲದಲ್ಲಿ ರಿಚ್ಮಂಡ್‌ಗೆ ಸಾಗಿಸಿದ ಹಲವು ಕೌಂಟಿಗಳ ಪುಸ್ತಕಗಳು 1865ರ ಏಪ್ರಿಲ್‌ನಲ್ಲಿ ಆ ಊರಿನ ಜೊತೆಗೇ ಸುಟ್ಟವು. ಜೇಮ್ಸ್ ಸಿಟಿ ಕೌಂಟಿಯದು ಅಂಥದೊಂದು. ಸುಟ್ಟ ಕೌಂಟಿ ಎದುರಾದರೆ ಕೈಚೆಲ್ಲಬೇಡಿ. ಭೂಮಂಜೂರಿ ಪತ್ರಗಳು ವಸಾಹತಿನ ಮಟ್ಟದಲ್ಲಿದ್ದವು, ಅವು ವರ್ಜೀನಿಯಾ ಗ್ರಂಥಾಲಯದ ತಾಣದಲ್ಲಿ ಉಚಿತ. 1782ರಿಂದ ತೆರಿಗೆ ಪಟ್ಟಿಗಳಿವೆ. ಪಕ್ಕದ ಕೌಂಟಿಯಲ್ಲಿ ಜಮೀನು ಕೊಂಡಿದ್ದರೆ ಅಲ್ಲಿನ ಪುಸ್ತಕ ಉಳಿದಿರಬಹುದು.

ಪೆನ್ಸಿಲ್ವೇನಿಯಾದಲ್ಲಿ ಚರ್ಚುಗಳ ದಾಖಲೆಯೇ ಜೀವಾಳ. ಕ್ವೇಕರರಂತೂ ಒಂದು ಊರು ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಸಭೆಯಿಂದ ಪತ್ರ ತೆಗೆದುಕೊಂಡು ಹೋಗುತ್ತಿದ್ದರು; ಎರಡೂ ಸಭೆಗಳ ನಡಾವಳಿಯಲ್ಲಿ ಅದು ದಾಖಲು. ವಲಸೆಯ ಜಾಡು ಇಷ್ಟು ಸಲೀಸಾಗಿ ಇನ್ನೆಲ್ಲೂ ಸಿಗುವುದಿಲ್ಲ.

ಪೂರ್ವಜ ಮನೆ ಬದಲಿಸಲೇ ಇಲ್ಲ, ಆದರೂ ಕೌಂಟಿಯ ಪುಸ್ತಕದಿಂದ ಏಕಾಏಕಿ ಮಾಯವಾಗಿದ್ದಾನೆ. ಯಾಕೆ?

ಕೌಂಟಿಯೇ ಬದಲಾಗಿರುತ್ತದೆ. ಲಿಂಕನ್ನರ ರಾಕಿಂಗ್‌ಹ್ಯಾಮ್ ಕೌಂಟಿಯಾದದ್ದು 1778ರಲ್ಲಿ. ಅದಕ್ಕೆ ಮುಂಚೆ ಆ ಜಮೀನು ಆಗಸ್ಟಾ ಕೌಂಟಿಯದು. ಆಗಸ್ಟಾ 1738ರಲ್ಲಿ ಆರೆಂಜ್‌ನಿಂದ ಒಡೆದದ್ದು, ಆರೆಂಜ್ 1734ರಲ್ಲಿ ಸ್ಪಾಟ್ಸಿಲ್ವೇನಿಯಾದಿಂದ. ಶಿಕಾಗೋದ ನ್ಯೂಬೆರಿ ಗ್ರಂಥಾಲಯದ ಐತಿಹಾಸಿಕ ಗಡಿಗಳ ಅಟ್ಲಾಸ್‌ನಲ್ಲಿ ತಾರೀಖು ಹಿಡಿದು ಗಡಿ ನೋಡಬಹುದು. ಹುಡುಕಾಟಕ್ಕೆ ಕೂರುವ ಮುಂಚೆ ಐದು ನಿಮಿಷ ಇದಕ್ಕೆ ಕೊಡಿ.

ಉಯಿಲು ಸಿಕ್ಕಿದೆ. ಅದರಲ್ಲಿ ಏನೇನು ನೋಡಬೇಕು?

ತಾರೀಖು ಎರಡಿರುತ್ತವೆ: ಬರೆದದ್ದು, ಕೋರ್ಟಿನಲ್ಲಿ ರುಜುವಾತಾದದ್ದು. ಸಾವು ಅವೆರಡರ ನಡುವೆ.

ಮಕ್ಕಳ ಪಟ್ಟಿಯನ್ನು ಪೂರ್ಣವೆಂದು ನಂಬಬೇಡಿ. ವರ್ಜೀನಿಯಾದಲ್ಲಿ ಉಯಿಲಿಲ್ಲದೆ ಸತ್ತವನ ಜಮೀನು 1785ರ ಕಾನೂನಿನವರೆಗೆ ಹಿರಿಮಗನಿಗೇ ಹೋಗುತ್ತಿತ್ತು. ಹಾಗಾಗಿ ಉಯಿಲಿನಲ್ಲಿ ಹಿರಿಯನ ಹೆಸರೇ ಇಲ್ಲದಿದ್ದರೆ ಅವನು ಸತ್ತಿದ್ದ ಎಂದಲ್ಲ, ಕಾನೂನಿನಿಂದಲೇ ಅವನಿಗೆ ಬರುವುದಿತ್ತೆಂದೂ ಆಗಬಹುದು. ಮ್ಯಾಸಚೂಸೆಟ್ಸ್‌ನಲ್ಲಿ ಉಯಿಲಿಲ್ಲದಾಗ ಹಿರಿಮಗನಿಗೆ ಎರಡು ಪಾಲು. ಒಬ್ಬ ಮಗನಿಗೆ ಒಂದೇ ಶಿಲ್ಲಿಂಗ್ ಬರೆದಿದ್ದರೆ ಅಪ್ಪ ಮಗನಿಗೆ ಜಗಳವಾಗಿತ್ತೆಂದು ಕಥೆ ಕಟ್ಟಬೇಡಿ. ಎಷ್ಟೋ ಸಲ ಮದುವೆಯಾದಾಗಲೇ ಪಾಲು ಕೊಟ್ಟು ಮುಗಿದಿರುತ್ತದೆ.

ಉಯಿಲಿನಲ್ಲಿರುವ ಹೆಂಡತಿ ಮಕ್ಕಳೆಲ್ಲರ ತಾಯಿ ಎಂದು ಗೃಹೀತ ಹಿಡಿಯುವುದು ತುಂಬ ಸಾಮಾನ್ಯವಾದ ತಪ್ಪು. ಎರಡನೇ ಮದುವೆ ಅಲ್ಲಿ ದಿನನಿತ್ಯದ ಸಂಗತಿ.

ನಂಟಿನ ಪದಗಳೂ ಇಂದಿನ ಅರ್ಥದಲ್ಲಿಲ್ಲ. ಕಸಿನ್ ಎಂದರೆ ಆಗ ಅಣ್ಣನ ಮಗನೋ ತಂಗಿಯ ಮಗಳೋ ಇರಬಹುದು. ಸನ್-ಇನ್-ಲಾ ಎಂದರೆ ಅಳಿಯನಲ್ಲದೆ ಮಲಮಗನೂ ಆಗಬಹುದು. ಮದರ್-ಇನ್-ಲಾ ಮಲತಾಯಿಯೂ ಹೌದು. ಜೂನಿಯರ್ ಎಂದರೆ ಮಗನೇ ಆಗಬೇಕಿಲ್ಲ, ಊರಿನಲ್ಲಿ ಅದೇ ಹೆಸರಿನ ಚಿಕ್ಕವನು ಅಷ್ಟೇ. ಹಿರಿಯ ತೀರಿಕೊಂಡ ಮೇಲೆ ಅದೇ ಜೂನಿಯರ್ ಸೀನಿಯರ್ ಆಗುತ್ತಾನೆ! ಅಪ್ಪ ಸತ್ತ ಮೇಲೆ ಮಕ್ಕಳಿಗೆ ಕೋರ್ಟು ಪೋಷಕರನ್ನು ನೇಮಿಸಿದ ಕಾಗದ ಸಿಕ್ಕರೆ ವಯಸ್ಸಿಗೆ ಸುಳಿವು ಸಿಗುತ್ತದೆ: ಪೋಷಕನನ್ನು ತಾನೇ ಆರಿಸಿಕೊಂಡ ಗಂಡುಮಗನಿಗೆ 14 ತುಂಬಿರುತ್ತದೆ, 21 ತುಂಬಿರುವುದಿಲ್ಲ.

ಕ್ರಯಪತ್ರದಲ್ಲಿ ಬರೀ ಜಮೀನಿನ ಅಳತೆ ಇದೆ. ಅದರಿಂದ ವಂಶಾವಳಿಗೆ ಏನು ಲಾಭ?

ಉಯಿಲಿಗಿಂತ ಹೆಚ್ಚು. ಜಮೀನು ಮಾರುವಾಗ ಗಂಡ ಸತ್ತರೆ ತನಗೆ ಬರಬೇಕಾದ ಮೂರನೇ ಒಂದು ಪಾಲಿನ ಜೀವನಪರ್ಯಂತದ ಹಕ್ಕನ್ನು ಹೆಂಡತಿ ಬಿಟ್ಟುಕೊಡಬೇಕಿತ್ತು. ಹಲವೆಡೆ ಅವಳ ಹೆಸರು ಕಾಣುವ ಏಕೈಕ ಜಾಗ ಅದು. ಅಪ್ಪ ಸತ್ತು ಇಪ್ಪತ್ತು ಮೂವತ್ತು ವರ್ಷದ ಮೇಲೆ, ತಾಯಿಯೂ ತೀರಿಕೊಂಡ ನಂತರ, ಬೇರೆ ಬೇರೆ ಕೌಂಟಿಗೆ ಚದುರಿದ ಮಕ್ಕಳು ಅಳಿಯಂದಿರ ಸಮೇತ ಒಟ್ಟಾಗಿ ಮಾರಿದ ಪತ್ರ ಸಿಕ್ಕರೆ ಇಡೀ ಕುಟುಂಬ ಒಂದೇ ಪುಟದಲ್ಲಿ ಸಿಕ್ಕಂತೆ. ಮಾರಿದವರ ಸೂಚಿ, ಕೊಂಡವರ ಸೂಚಿ ಎರಡನ್ನೂ ಸಾವಿನ ನಂತರ ಕನಿಷ್ಠ ನಲವತ್ತು ವರ್ಷದವರೆಗೆ ನೋಡಿ.

ಇನ್ನು ಚಕ್ಕುಬಂದಿ. ದಕ್ಷಿಣದ ವಸಾಹತುಗಳಲ್ಲೂ ಪೆನ್ಸಿಲ್ವೇನಿಯಾದಲ್ಲೂ "ಬಿಳಿ ಓಕ್ ಮರದಿಂದ ಉತ್ತರಕ್ಕೆ 30 ಡಿಗ್ರಿ ಪೂರ್ವ, 120 ಪೋಲ್" ಎಂಬ ಧಾಟಿಯಲ್ಲಿ ಬರೆಯುತ್ತಿದ್ದರು. ಅಂದರೆ ಉತ್ತರದಿಂದ ಪೂರ್ವದ ಕಡೆಗೆ 30 ಡಿಗ್ರಿ ತಿರುಗಿದ ದಿಕ್ಕು. ಒಂದು ಪೋಲ್ 16.5 ಅಡಿ, ಒಂದು ಎಕರೆಗೆ 160 ಚದರ ಪೋಲ್. ಕೋನಮಾಪಕ, ಸ್ಕೇಲು ತೆಗೆದುಕೊಂಡು 20 ಪೋಲಿಗೆ 1 ಸೆಂ.ಮೀ. ಲೆಕ್ಕದಲ್ಲಿ ಎಳೆಯಿರಿ. ಮೇಲಿನ ಗೆರೆ 6 ಸೆಂ.ಮೀ. ಬರುತ್ತದೆ. ಎಲ್ಲ ಗೆರೆಗಳನ್ನೆಳೆದಾಗ ಆಕಾರ ಶುರುವಾದಲ್ಲೇ ಮುಗಿಯಬೇಕು. ಸ್ವಲ್ಪ ಬಾಯಿ ಬಿಟ್ಟಿದ್ದರೆ ಅಂದಿನ ಸರ್ವೆಯ ಒರಟುತನ. ತೀರಾ ಅಗಲವಾಗಿ ತೆರೆದುಕೊಂಡರೆ ನಕಲು ಮಾಡಿದ ಗುಮಾಸ್ತ ಉತ್ತರವನ್ನು ದಕ್ಷಿಣ ಮಾಡಿದ್ದಾನೆ, ಇಲ್ಲವೇ ಒಂದು ಗೆರೆಯನ್ನೇ ನುಂಗಿದ್ದಾನೆ. ಒಂದೊಂದೇ ಗೆರೆಯ ದಿಕ್ಕು ತಿರುಗಿಸಿ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ. ಒಬ್ಬನಿಗೆ ಮಂಜೂರಾದ 400 ಎಕರೆಯೊಳಗೆ, ಅದೇ ಮೂಲೆಯ ಮರಗಳನ್ನಿಟ್ಟುಕೊಂಡು, ಮುಂದೆ ಅದೇ ಸರ್‌ನೇಮಿನ ಇಬ್ಬರು ತಲಾ 200 ಎಕರೆ ಮಾರಿದರೆ, ಮತ್ತು ಅವರು ಅದನ್ನು ಕೊಂಡ ಪತ್ರ ಎಲ್ಲೂ ಇಲ್ಲದಿದ್ದರೆ, ಪಿತ್ರಾರ್ಜಿತವಾಗಿ ಬಂತೆಂದು ವಾದಿಸಲು ಗಟ್ಟಿ ನೆಲೆ ಸಿಕ್ಕಿತು.

ಮದುವೆ ಏಪ್ರಿಲ್ 1700, ಮಗು ಹುಟ್ಟಿದ್ದು ಫೆಬ್ರವರಿ 1700. ದಾಖಲೆ ತಪ್ಪೇ?

ಸರಿಯಾಗಿಯೇ ಇದೆ. 1752ರವರೆಗೆ ಇಂಗ್ಲಿಷ್ ವಸಾಹತುಗಳಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ. 1700ರ ಫೆಬ್ರವರಿ ಬರುವುದು 1700ರ ಏಪ್ರಿಲ್ ಆದ ಹತ್ತು ತಿಂಗಳಿಗೆ. ಅದಕ್ಕೇ ಜಾಗರೂಕ ಗುಮಾಸ್ತರು 1700/1 ಎಂದು ಬರೆಯುತ್ತಿದ್ದರು. ನೀವೂ ಹಾಗೆಯೇ ಬರೆದುಕೊಳ್ಳಿ, ನಿಮ್ಮಷ್ಟಕ್ಕೆ ತಿದ್ದಬೇಡಿ. 1752ರಲ್ಲಿ ಸೆಪ್ಟೆಂಬರ್ 2ರ ಮರುದಿನ 14 ಆಯಿತು. ಜಾರ್ಜ್ ವಾಷಿಂಗ್ಟನ್ ಹುಟ್ಟಿದ ದಿನ ಹಳೆಯ ಲೆಕ್ಕದಲ್ಲಿ ಫೆಬ್ರವರಿ 11, 1731/2. ಈಗಿನದರಲ್ಲಿ ಫೆಬ್ರವರಿ 22, 1732. ಕ್ವೇಕರರು ತಿಂಗಳಿಗೆ ಹೆಸರಿನ ಬದಲು ಸಂಖ್ಯೆ ಬರೆಯುತ್ತಿದ್ದರು. 1752ಕ್ಕೆ ಮುಂಚೆ ಅವರ ಮೊದಲನೇ ತಿಂಗಳು ಮಾರ್ಚ್. ಅದನ್ನು ಜನವರಿ ಎಂದು ಬರೆದ ವಂಶವೃಕ್ಷಗಳು ಅಂತರ್ಜಾಲದ ತುಂಬ ಇವೆ.

ಸರ್‌ನೇಮಿನ ಅರ್ಥ ತಿಳಿದರೆ ಮೂಲ ಊರು ತಿಳಿಯುವುದಿಲ್ಲವೇ?

ಇಂಗ್ಲಿಷ್ ಹೆಸರುಗಳಲ್ಲಿ ಬಹಳ ಕಡಿಮೆ. ಊರಿನಿಂದ ಬಂದ ಹೆಸರು ಅಂಟುವುದು ಊರು ಬಿಟ್ಟವನಿಗೆ. ಲಿಂಕನ್ ಪಟ್ಟಣದೊಳಗೇ ಇದ್ದವನನ್ನು ಲಿಂಕನ್ ಎಂದು ಕರೆದು ಪ್ರಯೋಜನವೇನು? ಅದೂ ಅಲ್ಲದೆ ಈ ಹೆಸರುಗಳು ನೆಲೆಯೂರಿದ್ದು ವಲಸೆಗೆ ಇನ್ನೂರು ಮುನ್ನೂರು ವರ್ಷ ಮುಂಚೆ. ವಾಷಿಂಗ್ಟನ್ ಎಂಬ ಊರು ಇಂಗ್ಲೆಂಡಿನ ಉತ್ತರದ ಡರಮ್ ಸೀಮೆಯದು. ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನನ ಮನೆತನ ಮುಂದೆ ನಾರ್ಥಾಂಪ್ಟನ್‌ಶೈರ್‌ನ ಸಲ್‌ಗ್ರೇವ್‌ನಲ್ಲಿತ್ತು. 1650ರ ದಶಕದಲ್ಲಿ ವರ್ಜೀನಿಯಾಕ್ಕೆ ಬಂದ ಅವನ ಮುತ್ತಜ್ಜ ಜಾನ್ ವಾಷಿಂಗ್ಟನ್‌ನ ತಂದೆ ಎಸೆಕ್ಸ್‌ನಲ್ಲಿ ಪಾದ್ರಿ. ಹೆಸರು ಹಿಡಿದು ಡರಮ್‌ಗೆ ಹೋದವರಿಗೆ ಏನೂ ಸಿಗುತ್ತಿರಲಿಲ್ಲ. ಕಸುಬಿನ ಹೆಸರುಗಳಂತೂ ಹೇಳುವುದೇ ಬೇಡ. ಪ್ರತಿ ಊರಿನಲ್ಲೂ ಒಬ್ಬ ಕಮ್ಮಾರ, ಪ್ರತಿ ಕಮ್ಮಾರನೂ ಸ್ಮಿತ್.

ಡಚ್ಚರದು ಬೇರೆ ಕಥೆ. ಇಂದಿನ ನ್ಯೂಯಾರ್ಕ್ ಸುತ್ತಲಿನ ಅವರ ವಸಾಹತು ನ್ಯೂ ನೆದರ್‌ಲೆಂಡ್‌ನಲ್ಲಿ, 1664ರಲ್ಲಿ ಇಂಗ್ಲಿಷರು ಹಿಡಿದುಕೊಳ್ಳುವವರೆಗೆ ಮತ್ತು ಆಮೇಲೂ ಕೆಲಕಾಲ, ಬಹುತೇಕರಿಗೆ ಸರ್‌ನೇಮೇ ಇರಲಿಲ್ಲ. ನಮ್ಮ ಇನಿಶಿಯಲ್ ಪದ್ಧತಿಯ ಹಾಗೆ ಅಪ್ಪನ ಹೆಸರೇ ಗುರುತು, ಪ್ರತಿ ತಲೆಮಾರಿಗೂ ಬದಲು. ರೂಸ್‌ವೆಲ್ಟರ ಮೂಲಪುರುಷ ಕ್ಲಾಸ್ ಮಾರ್ಟೆನ್ಸನ್, ಅಂದರೆ ಮಾರ್ಟೆನ್‌ನ ಮಗ ಕ್ಲಾಸ್. ಮುಂದೆ ಅಣ್ಣತಮ್ಮಂದಿರೇ ಬೇರೆ ಬೇರೆ ಸರ್‌ನೇಮ್ ಹಿಡಿದದ್ದುಂಟು. ವ್ಯಾಂಡರ್‌ಬಿಲ್ಟ್ ಮಾತ್ರ ಊರನ್ನೇ ತೋರಿಸುತ್ತದೆ: ಯೂಟ್ರೆಕ್ಟ್ ಬಳಿಯ ಡಿ ಬಿಲ್ಟ್. ಡಚ್ ಹೆಂಗಸರು ಚರ್ಚಿನ ಪುಸ್ತಕದಲ್ಲಿ ತವರಿನ ಹೆಸರನ್ನೇ ಇಟ್ಟುಕೊಳ್ಳುತ್ತಿದ್ದರು, ಮಗುವಿನ ದೀಕ್ಷಾಸ್ನಾನಕ್ಕೆ ನಿಂತ ಸಾಕ್ಷಿಗಳು ಹೆಚ್ಚಾಗಿ ಅಜ್ಜ ಅಜ್ಜಿ, ಸೋದರಮಾವ, ಚಿಕ್ಕಮ್ಮಂದಿರು. ಆ ಸಾಕ್ಷಿಗಳ ಹೆಸರನ್ನು ಬಿಟ್ಟು ನಕಲು ಮಾಡಿಕೊಂಡರೆ ಅರ್ಧ ದಾಖಲೆ ಕಳೆದುಕೊಂಡಂತೆ.

ವೇಲ್ಸ್‌ನವರಲ್ಲೂ ಅಪ್ಪನ ಹೆಸರಿನ ಪದ್ಧತಿ: ಆಪ್ ರೀಸ್ ಎಂಬುದು ಪ್ರೈಸ್ ಆಯಿತು, ಆಪ್ ಹೋವೆಲ್ ಪವೆಲ್ ಆಯಿತು.

ಹೆಸರನ್ನು ಎಲ್ಲಿಸ್ ಐಲ್ಯಾಂಡ್‌ನಲ್ಲಿ ಬದಲಿಸಿದರಂತೆ?

ನ್ಯೂಯಾರ್ಕಿನಲ್ಲಿ ವಲಸಿಗರ ತಪಾಸಣೆ ನಡೆಯುತ್ತಿದ್ದ ಎಲ್ಲಿಸ್ ಐಲ್ಯಾಂಡ್ ತೆರೆದದ್ದು 1892ರಲ್ಲಿ. ವಸಾಹತು ಕಾಲದ ಪೂರ್ವಜನಿಗೂ ಅದಕ್ಕೂ ಸಂಬಂಧವೇ ಇಲ್ಲ, ಮತ್ತು ಅಲ್ಲಿ ಕೂಡ ಗುಮಾಸ್ತರು ಹೆಸರು ಬದಲಿಸುತ್ತಿರಲಿಲ್ಲ.

ಬದಲಾವಣೆ ಆಗುತ್ತಿದ್ದದ್ದು ನೆರೆಹೊರೆಯಲ್ಲಿ, ನಿಧಾನವಾಗಿ. ಜರ್ಮನರ ಮ್ಯೂಲರ್ ಮಿಲ್ಲರ್ ಆದ, ತ್ಸಿಮರ್‌ಮನ್ ಕೆಲವೆಡೆ ಕಾರ್ಪೆಂಟರ್ ಎಂದು ಅನುವಾದಗೊಂಡ. ಫ್ರೆಂಚ್ ಹ್ಯೂಗನಾಟ್ (ಪ್ರಾಟೆಸ್ಟಂಟ್) ಅಪೊಲೊಸ್ ರಿವ್ವಾರ್ ಬಾಸ್ಟನ್ನಿನಲ್ಲಿ ರಿವಿಯರ್ ಆದ; ಅಮೆರಿಕದ ಸ್ವಾತಂತ್ರ್ಯ ಹೋರಾಟದ ಪಾಲ್ ರಿವಿಯರ್ ಅವನ ಮಗ. ಜರ್ಮನರಾದರೆ ಫಿಲಡೆಲ್ಫಿಯಾದ 1727ರಿಂದ 1775ರವರೆಗಿನ ಪಟ್ಟಿಗಳನ್ನು ನೋಡಿ. 16 ದಾಟಿದ ಗಂಡಸರು ನಿಷ್ಠೆಯ ಪ್ರಮಾಣ ಮಾಡಬೇಕಿತ್ತು. ಪೂರ್ತಿ ಉಳಿದಿದ್ದರೆ ಒಂದು ಹಡಗಿಗೆ ಮೂರು ಪಟ್ಟಿ: ಒಂದು ಕ್ಯಾಪ್ಟನ್ನನ ಕಡೆಯಿಂದ ಕಿವಿಗೆ ಬಿದ್ದಂತೆ ಬರೆದದ್ದು, ಇನ್ನೆರಡರಲ್ಲಿ ಬರೆಯಬಲ್ಲವರ ಸ್ವಂತ ಸಹಿ. ಸಹಿಯ ಕಾಗುಣಿತವನ್ನೇ ಜರ್ಮನಿಯ ಹುಡುಕಾಟಕ್ಕೆ ಒಯ್ಯಿರಿ. ಅಣ್ಣತಮ್ಮಂದಿರೆಲ್ಲರೂ ಯೋಹಾನ್ ಆಗಿದ್ದರೆ ಗಾಬರಿಯಾಗಬೇಡಿ. ಕರೆಯುತ್ತಿದ್ದದ್ದು ಎರಡನೇ ಹೆಸರಿನಿಂದ.

ಭೂಮಂಜೂರಿ ಪತ್ರದಲ್ಲಿ ಹೆಸರಿದೆ. ಆ ವರ್ಷವೇ ಬಂದನೆಂದು ಬರೆಯಬಹುದೇ?

ಇಲ್ಲ. ವರ್ಜೀನಿಯಾದಲ್ಲಿ ಒಬ್ಬ ವಲಸಿಗನನ್ನು ಕರೆತಂದದ್ದಕ್ಕೆ 50 ಎಕರೆ ಸಿಗುತ್ತಿತ್ತು. ಈ ಹಕ್ಕನ್ನು ವರ್ಷಗಟ್ಟಲೆ ಇಟ್ಟುಕೊಂಡವರು, ಮಾರಿದವರು, ಒಬ್ಬನ ಹೆಸರಿನಲ್ಲೇ ಎರಡು ಸಲ ಪಡೆದವರು ಎಲ್ಲರೂ ಇದ್ದರು. ಆ ತಾರೀಖಿಗೆ ಮುಂಚೆ ಬಂದಿದ್ದನೆಂದಷ್ಟೇ ಬರೆಯಿರಿ.

ಪೂರ್ವಜರು ಗುಲಾಮಗಿರಿಯಲ್ಲಿದ್ದವರಾದರೆ?

1870ರ ಗಣತಿಯೇ ಗೋಡೆ; ಎಲ್ಲರ ಹೆಸರೂ ಮೊದಲು ಬಂದದ್ದು ಅದರಲ್ಲಿ. 1850 ಮತ್ತು 1860ರ ಗುಲಾಮರ ಪಟ್ಟಿಗಳಲ್ಲಿ ಯಜಮಾನನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಮಾತ್ರ. ಅದರಾಚೆಗೆ ಯಜಮಾನನ ಕುಟುಂಬದ ಕಾಗದಗಳಲ್ಲೇ ಹುಡುಕಬೇಕು: ಸಾವಿನ ನಂತರದ ಆಸ್ತಿಪಟ್ಟಿಯಲ್ಲಿ ದನಕರು, ಮಂಚಗಳ ಸಾಲಿನಲ್ಲೇ ಅವರ ಹೆಸರು, ಬೆಲೆ ಬರೆದಿರುತ್ತದೆ. ಮಗಳ ಮದುವೆಗೆ ಕೊಟ್ಟ ದಾನಪತ್ರ, ಪಾಲುಪಟ್ಟಿಗಳಲ್ಲೂ ಇರುತ್ತವೆ. ಅವರ ಸರ್‌ನೇಮ್ ಕೊನೆಯ ಯಜಮಾನನದೇ ಆಗಿರಬೇಕಿಲ್ಲ. ಹಳೆಯ ಯಜಮಾನನದೋ, ತಾವೇ ಆರಿಸಿಕೊಂಡದ್ದೋ ಇರಬಹುದು. ವರ್ಜೀನಿಯಾದ 1662ರ ಕಾನೂನಿನಂತೆ ಮಗುವಿನ ಸ್ಥಿತಿ ತಾಯಿಯದು. ಹಾಗಾಗಿ ತಾಯಿಯ ಜಾಡು ಹಿಡಿಯುವುದೇ ಸರಿ.

ಡಿಎನ್‌ಎ ಪರೀಕ್ಷೆಯಿಂದ ಎಲ್ಲ ಇತ್ಯರ್ಥವಾಗುವುದಿಲ್ಲವೇ?

ಅಪ್ಪ ಅಮ್ಮ ಇಬ್ಬರ ಕಡೆಯಿಂದ ಬಂದದ್ದನ್ನೂ ನೋಡುವ ಸಾಮಾನ್ಯ ಆಟೋಸೋಮಲ್ ಪರೀಕ್ಷೆ ಐದಾರು ತಲೆಮಾರಿನಾಚೆ ಮಸುಕಾಗುತ್ತದೆ. ಹತ್ತು ತಲೆಮಾರಿನ ಹಿಂದೆ 1024 ಸ್ಥಾನಗಳಿವೆ. ಅವರಲ್ಲಿ ಹಲವರಿಂದ ನಿಮ್ಮಲ್ಲಿ ಒಂದು ತುಣುಕೂ ಉಳಿದಿರುವುದಿಲ್ಲ. ಸರ್‌ನೇಮಿಗೆ ಬೇಕಾದದ್ದು ವೈ-ಡಿಎನ್‌ಎ, ಅಪ್ಪನಿಂದ ಮಗನಿಗೆ ಮಾತ್ರ ಹೋಗುವಂಥದು. ಸೊಸೆಯ ಮನೆತನಕ್ಕೆ ಅವಳ ಅಪ್ಪನೋ ಅಣ್ಣನೋ ಪರೀಕ್ಷೆ ಕೊಡಬೇಕು. ಮೊಮ್ಮಗ ಕೊಟ್ಟರೆ ನಿಮ್ಮದೇ ಮನೆತನ ಬರುತ್ತದೆ. 37 ಗುರುತುಗಳ ಪರೀಕ್ಷೆಯಿಂದ ಶುರುಮಾಡಿ, ಹೊಂದಾಣಿಕೆ ಕಂಡರೆ ಮೇಲಿನ ಹಂತಕ್ಕೆ ಹೋಗಿ. ವೈ-ಡಿಎನ್‌ಎ ಯಾವ ಗಂಡುಸಂತತಿ ಎಂದು ಹೇಳುತ್ತದೆ, ಯಾವ ಗಂಡಸು ಎಂದು ಹೇಳುವುದಿಲ್ಲ. ಗುಲಾಮಗಿರಿಯಲ್ಲಿದ್ದ ಸ್ಯಾಲಿ ಹೆಮಿಂಗ್ಸ್‌ಳ ಮಗನಿಗೆ ಅಧ್ಯಕ್ಷ ಥಾಮಸ್ ಜೆಫರ್ಸನ್ ತಂದೆಯೇ ಎಂದು ನೋಡಿದ 1998ರ ಪರೀಕ್ಷೆಯಲ್ಲೂ ಹೋಲಿಕೆಗೆ ಬಳಸಿದ್ದು ಅವನ ದೊಡ್ಡಪ್ಪ ಚಿಕ್ಕಪ್ಪನ ಸಾಲಿನ ವಂಶಸ್ಥರನ್ನು. ಉಳಿದದ್ದನ್ನು ಕಾಗದಗಳೇ ಹೇಳಬೇಕಾಯಿತು.

ನಮ್ಮ ಸರ್‌ನೇಮಿನ ಲಾಂಛನ ಮಾರುತ್ತಾರೆ, ಕೊಳ್ಳಬಹುದೇ?

ಗೋಡೆಗೆ ಚೆಂದ. ಇಂಗ್ಲೆಂಡಿನಲ್ಲಿ ಲಾಂಛನ ಕೊಡುತ್ತಿದ್ದದ್ದು ವ್ಯಕ್ತಿಗೆ, ಸರ್‌ನೇಮಿಗಲ್ಲ.

1900ರ ಸುಮಾರಿಗೆ ಅಚ್ಚಾದ ಮನೆತನದ ಪುಸ್ತಕವೊಂದಿದೆ. ನಂಬಬಹುದೇ?

ಅಮೆರಿಕದಲ್ಲಿ ಹುಟ್ಟಿದವರ ಭಾಗ ಒಳ್ಳೆಯ ಸುಳಿವು. ಹಡಗು ಹತ್ತಿದವನನ್ನು ಇಂಗ್ಲೆಂಡಿನ ಜಮೀನ್ದಾರಿ ಮನೆತನಕ್ಕೆ ಕೂಡಿಸುವ ಅಧ್ಯಾಯದಲ್ಲಿ ಹುಷಾರು. ಆ ಕಾಲದಲ್ಲಿ ಗುಸ್ಟಾವ್ ಅಂಜು ಎಂಬಾತ ಶ್ರೀಮಂತ ಗಿರಾಕಿಗಳಿಗೆ ನಿಜವಾದ ದಾಖಲೆಗಳ ನಡುವೆ ಕಲ್ಪಿತ ದಾಖಲೆ ಸೇರಿಸಿ ವಂಶಾವಳಿ ಮಾರಿದ್ದ. ಅವು ಇಂದಿಗೂ ಅಂತರ್ಜಾಲದ ವೃಕ್ಷಗಳಲ್ಲಿ ಜೀವಂತ. ವೃಕ್ಷ ನೂರು ಕಡೆ ಇದ್ದರೂ ಎಲ್ಲವೂ ಒಂದರ ನಕಲಾಗಿದ್ದರೆ ಅದು ಒಂದೇ ಸಾಕ್ಷಿ.

ಇಂಗ್ಲೆಂಡಿನ ಪ್ಯಾರಿಷ್ ಪುಸ್ತಕದಲ್ಲಿ ಅದೇ ಹೆಸರು, ಸರಿಹೊಂದುವ ವಯಸ್ಸಿನ ಹುಡುಗ ಸಿಕ್ಕಿದ್ದಾನೆ. ಅವನೇ ಅಲ್ಲವೇ?

ಮೊದಲು ಅದೇ ಪುಸ್ತಕದ ಸಮಾಧಿ ಪುಟಗಳನ್ನು ನೋಡಿ. ಎಷ್ಟೋ ವಂಶವೃಕ್ಷಗಳ ಮೂಲಪುರುಷ ಎರಡನೇ ವಯಸ್ಸಿನಲ್ಲೇ ಆ ಊರಿನಲ್ಲಿ ಮಣ್ಣಾಗಿರುತ್ತಾನೆ. ಆಮೇಲೆ ಮದುವೆ ಪುಟಗಳು: ವಲಸೆಯ ನಂತರವೂ ಅವನು ಅಲ್ಲೇ ಮದುವೆಯಾಗಿ ಮಕ್ಕಳ ಹೆಸರು ಬರೆಸಿದ್ದರೆ ಬೇರೆಯವನು. ವಯಸ್ಸು ಚೂರು ತಪ್ಪಿದ್ದಕ್ಕೆ ಮಾತ್ರ ಕೈಬಿಡಬೇಡಿ. ಸ್ಯಾಮ್ಯುಯೆಲ್ ಲಿಂಕನ್‌ನ ದೀಕ್ಷಾಸ್ನಾನ 1622ರದು, ಆದರೆ 1637ರ ಹಡಗಿನ ಪಟ್ಟಿ ಅವನಿಗೆ 18 ಎನ್ನುತ್ತದೆ.

ಪುಸ್ತಕಗಳು 1538ರಿಂದ ಶುರು, ಎಲ್ಲ ಕಡೆ ಉಳಿದಿಲ್ಲ. 1642ರಿಂದ 1660ರವರೆಗೆ ಇಂಗ್ಲೆಂಡಿನ ಅಂತರ್ಯುದ್ಧ ಮತ್ತು ಅದರ ನಂತರದ ಗೊಂದಲದ ಕಾರಣ ಹಲವೆಡೆ ಖಾಲಿ. ಮೂಲ ಹರಿದಿದ್ದರೆ ಬಿಷಪ್ಪರಿಗೆ ಪ್ರತಿವರ್ಷ ಕಳಿಸುತ್ತಿದ್ದ ನಕಲು ಕೇಳಿ. ಆಮೇಲೆ ಅವನ ಜೊತೆ ಬಂದವರನ್ನು, ಪಕ್ಕದಲ್ಲಿ ಜಮೀನು ಹಿಡಿದವರನ್ನು, ಉಯಿಲಿಗೆ ಸಾಕ್ಷಿ ಹಾಕಿದವರನ್ನು ಅದೇ ಪ್ಯಾರಿಷ್ಷಿನಲ್ಲಿ ಹುಡುಕಿ. ನಾಲ್ಕಾರು ಹೆಸರು ಒಟ್ಟಿಗೆ ಸಿಕ್ಕರೆ ಊರು ಸರಿ. ಕೊನೆಗೆ ಲಂಡನ್ನಿನ ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದ ಉಯಿಲುಗಳು: ಊರಿನಲ್ಲೇ ಉಳಿದ ಅಪ್ಪನೋ ಚಿಕ್ಕಪ್ಪನೋ "ನ್ಯೂ ಇಂಗ್ಲೆಂಡಿನಲ್ಲಿರುವ ನನ್ನ ಮಗನಿಗೆ" ಎಂದು ಹತ್ತು ಪೌಂಡು ಬರೆದಿಟ್ಟಿದ್ದರೆ ಅದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ.